ಜೀಪು ಸಾಕಿದ ಕಥೆ

ದನ ಸಾಕುವುದು, ನಾಯಿ ಸಾಕುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಜೀಪು ಸಾಕುವುದು ಎಂದರೆ ಮಾತ್ರ ಪೇಟೆಯ ಗೆಳತಿಯರು ಕಿಸಕ್ಕನೆ ನಗುತ್ತಾರೆ. ಆದರೆ ನಮ್ಮ ಮಲೆನಾಡಿನ ಕಡೆ ಹಳೇ ಜೀಪು ಇಟ್ಟುಕೊಂಡವರ ಮನೆಯ ಹೆಂಗಸರನ್ನು ಕೇಳಿ ನೋಡಿ, ಅವರು ಈ ಮಾತನ್ನು ಕೂಡಲೇ ಒಪ್ಪುತ್ತಾರೆ. ಹೊಸ ಕಾರನ್ನು ಕೊಳ್ಳುತ್ತೇವೆ, ಓಡಿಸುತ್ತೇವೆ, ವರ್ಷಕ್ಕೊಮ್ಮೆ ಸರ್ವಿಸ್ ಸ್ಟೇಷನ್ನಿಗೆ ಬಿಟ್ಟು ಬಿಲ್ಲು ಕಟ್ಟಿ ತರುತ್ತೇವೆ. ಹಳೇ ಜೀಪಿನದು ಬೇರೆ ಲೆಕ್ಕ. ಬೆಳಿಗ್ಗೆ ಎದ್ದು ಅದರ ಮುಖ ನೋಡಬೇಕು. ರಾತ್ರಿ ಅದು ನಿಂತಿದ್ದ ಜಾಗದಲ್ಲಿ ನೆಲಕ್ಕೆ ಏನು ತೊಟ್ಟಿಕ್ಕಿದೆ ಎಂದು ಬಗ್ಗಿ ನೋಡಬೇಕು. ಕರ್ರಗಿದ್ದರೆ ಎಂಜಿನ್ ಆಯಿಲ್ಲು, ಬರೀ ನೀರಿದ್ದರೆ ರೇಡಿಯೇಟರು, ಚಕ್ರದ ಒಳಮೈಯಲ್ಲಿ ಜಿನುಗಿದ್ದರೆ ಬ್ರೇಕ್ ಆಯಿಲ್ಲು. ಕರು ಹಾಕಿದ ಹಸುವನ್ನು ನಮ್ಮ ಅತ್ತೆಯವರು ಹೇಗೆ ಸುತ್ತುಬಂದು ನೋಡುತ್ತಿದ್ದರೋ ಹಾಗೆ ಅದನ್ನೂ ಒಂದು ಸುತ್ತು ಬಂದು ನೋಡದೆ ಹೊರಡುವಂತಿಲ್ಲ.

ನಾವಿರುವುದು ತೀರ್ಥಹಳ್ಳಿ ಪೇಟೆಯಲ್ಲಿ. ನಮ್ಮವರ ಮೂಲಮನೆ ಮತ್ತು ಮೂರೆಕರೆ ಅಡಿಕೆ ತೋಟ ಇರುವುದು ಆಗುಂಬೆ ರಸ್ತೆಯಿಂದ ನಾಲ್ಕೂವರೆ ಕಿಲೋಮೀಟರು ಒಳಗೆ. ಅದರಲ್ಲಿ ಟಾರು ಕಂಡದ್ದು ಮೊದಲ ಒಂದೂವರೆ ಕಿಲೋಮೀಟರು ಮಾತ್ರ. ಉಳಿದದ್ದು ಮಣ್ಣಿನ ದಾರಿ. ಬೇಸಿಗೆಯಲ್ಲಿ ಪಾದ ಮುಳುಗುವ ಕೆಂಪು ಧೂಳು, ಮಳೆಗಾಲದಲ್ಲಿ ಅದೇ ಧೂಳು ದೋಸೆಹಿಟ್ಟು. ನಡುವೆ ಒಂದು ಹಳ್ಳ, ಹಳ್ಳ ದಾಟಿದೊಡನೆ ಉಸಿರು ಬಿಗಿಹಿಡಿಯುವಂಥ ಏರು, ಒಂದು ಪಕ್ಕಕ್ಕೆ ಧರೆ, ಇನ್ನೊಂದು ಪಕ್ಕಕ್ಕೆ ತಗ್ಗಿನ ಗದ್ದೆ. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 1,000 ಮಿಲಿಮೀಟರು. ಆಗುಂಬೆಯಲ್ಲಿ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಆ ಆಗುಂಬೆಯ ಮಗ್ಗುಲಲ್ಲಿ ಇಂಥ ದಾರಿಯ ಗತಿ ಏನೆಂದು ನೀವೇ ಊಹಿಸಿ. ಕಾರು ಬರುವುದು ಟಾರು ಮುಗಿಯುವ ಅರಳಿಕಟ್ಟೆಯ ತನಕ. ಆಂಬುಲೆನ್ಸು ಕೂಡ ಅಲ್ಲಿಯ ತನಕವೇ. ಅಲ್ಲಿಂದಾಚೆಗೆ ಕಾಲು, ಇಲ್ಲವೇ ಜೀಪು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಎರಡನೆಯ ಮಹಾಯುದ್ಧದ ಪಾಠ ಬಂದಾಗ ಹುಡುಗರಿಗೆ ಜೀಪಿನ ಕಥೆ ಹೇಳದೆ ಮುಂದೆ ಹೋಗುವುದಿಲ್ಲ. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಗಾಡಿಯೊಂದು ಬೇಕಾಯಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿಯನ್ನು ಮಾಡಿಕೊಟ್ಟಿತು. ಆಮೇಲೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. ನಮ್ಮ ದೇಶಕ್ಕೆ ಅದು ಬಂದ ಬಗೆಯೂ ಒಂದು ಇತಿಹಾಸವೇ. 1945ರಲ್ಲಿ ಲೂಧಿಯಾನದಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಕಂಪನಿ ಹುಟ್ಟಿತು. ದೇಶ ಇಬ್ಭಾಗವಾದಾಗ ಪಾಲುದಾರರಾಗಿದ್ದ ಗುಲಾಂ ಮೊಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಆ ದೇಶದ ಮೊದಲ ಹಣಕಾಸು ಮಂತ್ರಿಯಾದರು. ಇಲ್ಲಿ ಉಳಿದ ಕಂಪನಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಆ ದಶಕ ಮುಗಿಯುವ ಹೊತ್ತಿಗೆ ಬೊಂಬಾಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತ್ತು. ರಣರಂಗಕ್ಕೆಂದು ಹುಟ್ಟಿದ ಗಾಡಿ ಕೊನೆಗೆ ಅಡಿಕೆ ಮೂಟೆ, ಬಾಳೆಗೊನೆ, ಬಾಣಂತಿ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತು ಮಲೆನಾಡಿನಲ್ಲಿ ಸಂಸಾರವಂದಿಗವಾಯಿತು ಎಂದು ನಾನು ಪಾಠ ಮುಗಿಸಿದರೆ ಹುಡುಗರು, 'ಮೇಡಂ, ನಿಮ್ಮ ಜೀಪು ಯಾವ ಯುದ್ಧದ್ದು?' ಎಂದು ಕೇಳುತ್ತಾರೆ.

ನಮ್ಮದು ಅಷ್ಟು ಹಳೆಯದಲ್ಲ. 1997ರ ಎಂಎಂ 540. ಫ್ರಾನ್ಸಿನ ಪ್ಯೂಜೋ ಕಂಪನಿಯ ವಿನ್ಯಾಸದ 2,112 ಸಿಸಿಯ ಡೀಸೆಲ್ ಎಂಜಿನ್ನು. ಕೊಪ್ಪದ ಕಡೆಯ ಎಸ್ಟೇಟೊಂದರಲ್ಲಿ ಹದಿಮೂರು ವರ್ಷ ದುಡಿದದ್ದನ್ನು 2010ರಲ್ಲಿ ನಮ್ಮವರು 1,35,000 ರೂಪಾಯಿಗೆ ಕೊಂಡರು. ಕೊಳ್ಳುವ ದಿನ ಜೊತೆಗೆ ಗ್ಯಾರೇಜಿನ ಮೇಸ್ತ್ರಿಗಳನ್ನು ಕರೆದುಕೊಂಡು ಹೋಗಿದ್ದರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೂಡ ಇಷ್ಟು ಪರೀಕ್ಷೆ ಇರಲಾರದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವ ಯೋಚನೆ ಇರುವ ಓದುಗರಿಗೆ ಉಪಯೋಗವಾದೀತೆಂದು ಅವರ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲು ಅವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದರು. ಎಂಜಿನ್ನು ತಣ್ಣಗಿರಬೇಕು. ನಾವು ಹೋಗುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆಂದು ಅರ್ಥ. ಸ್ಟಾರ್ಟ್ ಆದ ಮೇಲೆ ಹೊಗೆಯ ಬಣ್ಣ ನೋಡಿದರು. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಎಂಜಿನ್ನು ಆಯಿಲ್ ಕುಡಿಯುತ್ತಿದೆ ಎಂದು ಲೆಕ್ಕ. ಆಯಿಲ್ ಸುರಿಯುವ ಮುಚ್ಚಳ ತೆಗೆದು, ಅಲ್ಲಿಂದ ಬುಸಬುಸನೆ ಹಬೆ ಏಳುತ್ತದೆಯೇ ಎಂದು ನೋಡಿದರು. ಎದ್ದರೆ ಬೋರ್ ಸವೆದಿದೆ ಎಂದರ್ಥ. ಆಮೇಲೆ ಗೋಣಿಚೀಲ ಹಾಸಿಕೊಂಡು ಜೀಪಿನ ಅಡಿಗೆ ಮಲಗಿದರು. ಚಾಸಿಯ ಉದ್ದಕ್ಕೂ ಸ್ಕ್ರೂಡ್ರೈವರಿನಿಂದ ಕುಟ್ಟುತ್ತಾ ಹೋದರು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಕಾಲಿಡುವ ಜಾಗದ ಮ್ಯಾಟು ಎತ್ತಿ ತಗಡು ತೂತಾಗಿದೆಯೇ ನೋಡಿದರು. ಸ್ಟೇರಿಂಗನ್ನು ಅಲ್ಲಾಡಿಸಿ ಚಕ್ರ ತಿರುಗುವ ಮೊದಲು ಎಷ್ಟು ಬೆರಳು ಸುಮ್ಮನೆ ಆಡುತ್ತದೆ ಎಂದು ಅಳೆದರು. ಇಳಿಜಾರಿನಲ್ಲಿ ಓಡಿಸಿ ಗೇರು ತಾನಾಗಿ ಹೊರಗೆ ಬರುತ್ತದೆಯೇ ನೋಡಿದರು. ಕೊನೆಗೆ ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಆರ್‌ಸಿ ಪುಸ್ತಕದೊಂದಿಗೆ ತಾಳೆ ನೋಡಿದರು. ಬ್ಯಾಂಕಿನ ಸಾಲ ತೀರಿದೆಯೇ, ಇನ್ಶೂರೆನ್ಸು ಚಾಲ್ತಿಯಲ್ಲಿದೆಯೇ ವಿಚಾರಿಸಿದರು. ಇಷ್ಟೆಲ್ಲ ಆದ ಮೇಲೆ ಕೈ ಒರೆಸಿಕೊಂಡು, 'ಮೈ ಹಳೇದು, ಎದೆ ಗಟ್ಟಿ ಇದೆ ಸಾರ್' ಎಂದರಂತೆ. ವ್ಯಾಪಾರ ಮುಗಿಯಿತು.

ಆರು ವರ್ಷ ಆ ಜೀಪಿಗೂ ನನಗೂ ಇದ್ದ ಸಂಬಂಧ ಎಡಗಡೆಯ ಸೀಟಿನದು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹತ್ತಿ ಕುಳಿತರೆ ಊರಿನಲ್ಲಿ ಅತ್ತೆಯವರ ಅಂಗಳದಲ್ಲಿ ಇಳಿಯುತ್ತಿದ್ದೆ. ಪೇಟೆಗೆ ಬಂದು ನಮ್ಮೊಡನೆ ಇರಿ ಎಂದರೆ ಅವರು ಸುತರಾಂ ಒಪ್ಪುತ್ತಿರಲಿಲ್ಲ. 'ತುಳಸಿಗೆ ನೀರು ಹಾಕೋರು ಯಾರೇ?' ಎನ್ನುತ್ತಿದ್ದರು. ತುಳಸಿಯ ಹಿಂದೆ ಕೊಟ್ಟಿಗೆ ಇತ್ತು, ಕೊಟ್ಟಿಗೆಯ ಹಿಂದೆ ತೋಟ ಇತ್ತು, ಅವೆಲ್ಲದರ ಹಿಂದೆ ಅರವತ್ತು ವರ್ಷದ ಬದುಕು ಇತ್ತು. ಹೀಗಾಗಿ ವಾರಕ್ಕೊಮ್ಮೆ ನಾವೇ ಹೋಗಿ ಬರುವುದು ನಡೆದುಕೊಂಡು ಬಂದಿತ್ತು.

2016ರ ಚಳಿಗಾಲದಲ್ಲಿ ನಮ್ಮವರಿಗೆ ಲಕ್ವ ಹೊಡೆಯಿತು. ದೇವರ ದಯೆ, ಮಾತು ಉಳಿಯಿತು, ಬಲಗೈ ಉಳಿಯಿತು. ಎಡಗೈ ನಿಧಾನವಾಗಿ ಅರ್ಧ ಮರಳಿತು. ಎಡಗಾಲು ಮಾತ್ರ ನೆಲ ಉಜ್ಜಿಕೊಂಡೇ ನಡೆಯುವ ಹಾಗಾಯಿತು. ಎಡಗಾಲಿಲ್ಲದೆ ಕ್ಲಚ್ಚು ಒತ್ತುವಂತಿಲ್ಲ, ಕ್ಲಚ್ಚು ಒತ್ತದೆ ಜೀಪು ಇಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರು ತಮ್ಮ ಕಾಲಿನ ಬಗ್ಗೆ ಒಂದು ದಿನವೂ ದುಃಖ ತೋಡಿಕೊಂಡವರಲ್ಲ. ಆದರೆ ಸಂಜೆ ಹೊತ್ತು ಶೆಡ್ಡಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಜೀಪಿನ ಎದುರು ಸುಮ್ಮನೆ ಕೂತಿರುತ್ತಿದ್ದರು. ನೋಡಿದವರೆಲ್ಲ ಒಂದೇ ಸಲಹೆ ಕೊಟ್ಟರು: ಮಾರಿಬಿಡಿ. ಮಗ ಬೆಂಗಳೂರಿನಿಂದ ಫೋನಿನಲ್ಲಿ, 'ಅಮ್ಮಾ, ಅದನ್ನು ಕೊಟ್ಟುಬಿಡು, ಬೇಕಾದಾಗ ಬಾಡಿಗೆ ಜೀಪು ಸಿಗುತ್ತಲ್ಲ' ಎಂದ. ಬಾಡಿಗೆ ಜೀಪು ಸಿಗುತ್ತದೆ, ನಿಜ. ಹಗಲು ಹೊತ್ತು, ಮಳೆ ಇಲ್ಲದಾಗ, ಅವರಿಗೆ ಬೇರೆ ಬಾಡಿಗೆ ಇಲ್ಲದಿದ್ದರೆ ಸಿಗುತ್ತದೆ. ಎಂಬತ್ತು ದಾಟಿದ ಅತ್ತೆಯವರಿಗೆ ಉಬ್ಬಸ ಬರುವುದು ಹೊತ್ತು ನೋಡಿಕೊಂಡಲ್ಲ.

ನನಗಾಗ ನಲವತ್ತೆಂಟು. ಸ್ಕೂಟರು ಬಿಡಲು ಬರುತ್ತಿತ್ತು. ಡ್ರೈವಿಂಗ್ ಸ್ಕೂಲಿನ ಸಣ್ಣ ಕಾರಿನಲ್ಲಿ ಕಲಿತು ಲೈಸೆನ್ಸು ಪಡೆದೆ. ಜೀಪಿಗೆ ಬಂದ ಮೇಲೆ ಮತ್ತೆ ಒಂದನೇ ತರಗತಿಯಿಂದ ಕಲಿಯಬೇಕಾಯಿತು. ಆ ಕಾರಿನ ಸ್ಟೇರಿಂಗು ಒಂದು ಬೆರಳಿಗೆ ತಿರುಗುತ್ತಿತ್ತು. ನಮ್ಮ ಜೀಪಿನದು ಒರಳುಗುಂಡು ತಿರುಗಿಸಿದ ಹಾಗೆ. ಕಲಿಸಿದವರು ನಮ್ಮವರೇ, ಎಡಗಡೆ ಸೀಟಿನಲ್ಲಿ ಕೂತು. ಮೊದಲ ಒಂದು ತಿಂಗಳು ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆಯನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು. 'ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ಬೇಡ್ವೇ, ಪ್ಲೇಟು ಸವೆಯುತ್ತೆ' ಎಂದು ಅವರು ಗದರುವುದು, 'ರೀ, ನೀವು ಸುಮ್ನಿದ್ರೆ ನಾನು ಸರಿಯಾಗೇ ಓಡಿಸ್ತೀನಿ' ಎಂದು ನಾನು ಹೇಳುವುದು. ಹೀಗೇ ಹಳ್ಳದ ತನಕ ಬಂದಿರುತ್ತಿದ್ದೆವು. ಹಳ್ಳ ಕಂಡೊಡನೆ ಇಬ್ಬರೂ ಗಪ್‌ಚಿಪ್.

ಗೇರಿನ ಪಕ್ಕದಲ್ಲಿ ಇನ್ನೂ ಎರಡು ಸಣ್ಣ ಲಿವರುಗಳಿವೆಯಲ್ಲ, ಅವೇ ಜೀಪಿನ ಜೀವಾಳ. ಒಂದು ಮುಂದಿನ ಚಕ್ರಗಳಿಗೂ ಬಲ ಕೊಡುವುದು. ಅದಕ್ಕೆ ನಾವು ಫೋರ್ ವೀಲ್ ಹಾಕುವುದು ಎನ್ನುತ್ತೇವೆ. ಇನ್ನೊಂದು ವೇಗ ಇಳಿಸಿ ಎಳೆತ ಹೆಚ್ಚಿಸುವ ಲೋ ಗೇರು. ಇವನ್ನು ಹಾಕುವ ಮೊದಲು ಕೆಳಗಿಳಿದು ಮುಂದಿನ ಎರಡೂ ಚಕ್ರಗಳ ನಡುವಿನ ಹಬ್ಬನ್ನು ಕೈಯಲ್ಲಿ ತಿರುಗಿಸಿ ಲಾಕ್ ಮಾಡಬೇಕು. ಇದಕ್ಕೆ ನಮ್ಮವರು ಕಲಿಸಿದ ನಿಯಮ, ಕೆಸರಿನಲ್ಲಿ ಹೂತ ಮೇಲಲ್ಲ, ಹೂಳುವ ಮೊದಲೇ ಇಳಿ ಎಂದು. ಟಾರು ಮುಗಿಯುವ ಕಟ್ಟೆಯ ಬಳಿ ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು ಇಳಿದು ಹಬ್ ತಿರುಗಿಸುವುದನ್ನು ನೋಡಲು ಮೊದಮೊದಲು ಕಟ್ಟೆಯ ಮೇಲೆ ಜನ ಸೇರುತ್ತಿದ್ದರು. ಈಗ ಯಾರೂ ತಲೆ ಎತ್ತುವುದಿಲ್ಲ. ವಾಪಸು ಬಂದು ಟಾರು ಹತ್ತಿದ ಕೂಡಲೇ ಫೋರ್ ವೀಲ್ ಬಿಡಿಸಿಬಿಡಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಮಣ್ಣಿನಲ್ಲಾದರೆ ಅಷ್ಟಿಷ್ಟು ಜಾರಿ ಸರಿಹೋಗುತ್ತದೆ, ಗಟ್ಟಿ ರಸ್ತೆಯಲ್ಲಿ ಆ ತಿಕ್ಕಾಟವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಕಡಿದಾದ ಇಳಿಜಾರಿನಲ್ಲಿ ಲೋ ಗೇರಿನ ಒಂದನೇ ಗೇರಿಗೆ ಹಾಕಿ ಕ್ಲಚ್ಚಿನಿಂದ ಕಾಲು ತೆಗೆದುಬಿಟ್ಟರೆ ಎಂಜಿನ್ನೇ ಹಗ್ಗ ಹಿಡಿದು ಇಳಿಸಿದ ಹಾಗೆ ಇಳಿಸುತ್ತದೆ. ಹಳ್ಳ ದಾಟಿದ ಮೇಲೆ ಬ್ರೇಕು ಹಿಡಿಯುವುದಿಲ್ಲ, ಡ್ರಮ್ಮಿನೊಳಗೆ ನೀರು ನುಗ್ಗಿರುತ್ತದೆ. ನಿಧಾನಕ್ಕೆ ಓಡಿಸುತ್ತಾ ಬ್ರೇಕನ್ನು ಮೆಲ್ಲಗೆ ಒತ್ತಿ ಒತ್ತಿ ಒಣಗಿಸಿಕೊಳ್ಳಬೇಕು.

ಓಡಿಸುವುದು ಅರ್ಧ ವಿದ್ಯೆ. ಸಾಕುವುದು ಉಳಿದರ್ಧ. ಅದಕ್ಕೆ ನಮ್ಮ ಮನೆಯಲ್ಲಿ ಒಂದು ಪಂಚಾಂಗವೇ ಇದೆ. ದಿನಾ ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗ ರೇಡಿಯೇಟರಿನ ನೀರು, ಗೇಜು ಕಡ್ಡಿ ಎಳೆದು ಆಯಿಲ್ಲು. ಪ್ರತಿ ಭಾನುವಾರ ಗ್ರೀಸು. ಸ್ಪ್ರಿಂಗ್ ಪ್ಲೇಟುಗಳ ಕೊಂಡಿ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಸ್ಟೇರಿಂಗಿನ ಕೀಲುಗಳು, ಹೀಗೆ ಎಲ್ಲೆಲ್ಲಿ ಗ್ರೀಸಿನ ಮೊಲೆಗಳಿವೆಯೋ ಅಲ್ಲೆಲ್ಲ ಗನ್ನು ಇಟ್ಟು, ಹಳೇ ಗ್ರೀಸು ಪಕ್ಕದಿಂದ ಹೊರಗೆ ಬರುವ ತನಕ ಒತ್ತುವುದು. ತಿಂಗಳಿಗೊಮ್ಮೆ ಡೀಸೆಲ್ ಫಿಲ್ಟರಿನ ತಳದಲ್ಲಿ ಸೇರಿದ ನೀರು ಬಿಡುವುದು, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್. ತೋಟದಿಂದ ಬಂದ ದಿನ ಅಡಿಭಾಗಕ್ಕೆ ನೀರು ಹಾಯಿಸಿ ಮಣ್ಣು ತೊಳೆಯುವುದು, ಏಕೆಂದರೆ ತುಕ್ಕು ಹಿಡಿಯುವುದು ಒದ್ದೆ ಮಣ್ಣು ಕೂತಲ್ಲೇ. ಮೇ ತಿಂಗಳಲ್ಲಿ ಉಪ್ಪಿನಕಾಯಿ, ಹಪ್ಪಳದ ಜೊತೆಗೇ ಜೀಪಿನ ಮಳೆಗಾಲದ ತಯಾರಿ. ಮೇಸ್ತ್ರಿಗಳ ಬಳಿ ನಾಲ್ಕೂ ಡ್ರಮ್ಮು ಬಿಚ್ಚಿಸಿ ಬ್ರೇಕ್ ಲೈನರ್ ನೋಡಿಸುವುದು, ಚಕ್ರದ ಬೇರಿಂಗುಗಳಿಗೆ ಹೊಸ ಗ್ರೀಸು, ವೈಪರಿನ ರಬ್ಬರು, ಟಾರ್ಪಾಲಿನ ಹೊಲಿಗೆ.

ಈ ಕೆಲಸಗಳಲ್ಲಿ ನಮ್ಮ ನಡುವೆ ತಾನಾಗಿ ಒಂದು ಹಂಚಿಕೆ ಆಯಿತು. ಕಿವಿ ಅವರದು, ಕೈ ನನ್ನದು. ಅವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಎಂಜಿನ್ನಿನ ಸದ್ದು ಕೇಳುತ್ತಿದ್ದರು. 'ಫ್ಯಾನ್ ಬೆಲ್ಟು ಸಡಿಲ ಆಗಿದೆ ನೋಡು', 'ಹಿಂದಿನ ಕ್ರಾಸು ಟಕ್ ಅಂತಿದೆ, ಗ್ರೀಸು ಹೋಗ್ತಿಲ್ಲ ಅಲ್ಲಿ' ಎನ್ನುತ್ತಿದ್ದರು. ನಾನು ಮಲಗಿ, ಬಗ್ಗಿ, ಬಿಗಿ ಮಾಡುತ್ತಿದ್ದೆ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಆ ಕಿವಿಯೂ ನನಗೆ ಬಂತು. ಅವರು ಬಾಯಿ ತೆರೆಯುವ ಮೊದಲೇ ನಾನು ಸ್ಪ್ಯಾನರು ಎತ್ತಿಕೊಂಡಿರುತ್ತಿದ್ದೆ. ಆಗ ಅವರ ಮುಖದಲ್ಲಿ ಕಂಡದ್ದು ಸಂತೋಷವೋ ಸಂಕಟವೋ, ಇವತ್ತಿಗೂ ನನಗೆ ಬಿಡಿಸಿ ಹೇಳಲಾಗದು. ಎರಡೂ ಇದ್ದವು ಅನ್ನಿ.

2019ರ ಆಗಸ್ಟಿನ ಆಶ್ಲೇಷ ಮಳೆ ನಿಮಗೆ ನೆನಪಿರಬಹುದು. ರಾಜ್ಯದ ಹಲವು ಜಿಲ್ಲೆಗಳಲ್ಲಿ ನೆರೆ ಬಂದ ವರ್ಷ ಅದು. ಒಂದು ರಾತ್ರಿ ಒಂಬತ್ತೂವರೆಗೆ ತೋಟದ ಆಳು ನೆಟ್‌ವರ್ಕ್ ಸಿಗುವ ಗುಡ್ಡದ ತಲೆಗೆ ಹತ್ತಿ ಫೋನ್ ಮಾಡಿದ. 'ಅಮ್ಮಾ, ದೊಡ್ಡಮ್ಮಂಗೆ ಉಸಿರು ಕಟ್ತಾ ಇದೆ, ಬೇಗ ಬರ್ಬೇಕಂತೆ.' ನಾನು ಕೀಲಿ ತೆಗೆದುಕೊಂಡೆ. ನಮ್ಮವರು ಕೋಲು ಊರಿಕೊಂಡು ಬಂದು ತಮ್ಮ ಸೀಟಿನಲ್ಲಿ ಕೂತರು. ಬೇಡವೆಂದರೆ ಕೇಳುವವರಲ್ಲ, ನಾನೂ ಬೇಡವೆನ್ನಲಿಲ್ಲ. ಕಟ್ಟೆಯ ಬಳಿ ಹಬ್ ಲಾಕ್ ಮಾಡಿದೆ. ಹಳ್ಳದ ನೀರು ಚಕ್ರದ ಅರ್ಧಕ್ಕಿತ್ತು, ಟಾರ್ಚು ಹಾಕಿ ಅಳತೆಕಲ್ಲು ಕಾಣುವುದನ್ನು ನೋಡಿಕೊಂಡೇ ಇಳಿಸಿದೆ. ದಾಟಿತು. ಏರಿನ ನಡುವೆ ಎಂಜಿನ್ನು ಎರಡು ಸಲ ಬಿಕ್ಕಳಿಸಿ ನಿಂತುಹೋಯಿತು.

ಸದ್ದಿನಿಂದಲೇ ಗೊತ್ತಾಯಿತು, ಡೀಸೆಲ್ಲಿಗೆ ಗಾಳಿ ಸೇರಿದೆ. ಪೆಟ್ರೋಲಿನ ಗಾಡಿಯಂತಲ್ಲ ಇದು. ಡೀಸೆಲ್ ಪೈಪಿನಲ್ಲಿ ಗಾಳಿಯ ಗುಳ್ಳೆ ಹೊಕ್ಕರೆ ಪಂಪಿನ ಒತ್ತಡವೆಲ್ಲ ಆ ಗುಳ್ಳೆಯನ್ನು ಅಮುಕುವುದರಲ್ಲೇ ಕಳೆದುಹೋಗಿ ಎಂಜಿನ್ನಿಗೆ ಡೀಸೆಲ್ಲು ಮುಟ್ಟುವುದಿಲ್ಲ. ಎಷ್ಟು ಸ್ಟಾರ್ಟ್ ಹೊಡೆದರೂ ಬ್ಯಾಟರಿ ಇಳಿಯುತ್ತದೆಯೇ ಹೊರತು ಫಲವಿಲ್ಲ. ಹ್ಯಾಂಡ್ ಬ್ರೇಕು ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಬಾನೆಟ್ ಎತ್ತಿದೆ. ನಮ್ಮವರು ಇಳಿದು ನಿಂತು ಬಲಗೈಯಲ್ಲಿ ಟಾರ್ಚು ಹಿಡಿದರು. ಏರಿನ ಕುಲುಕಾಟಕ್ಕೆ ಫಿಲ್ಟರಿನ ಬಳಿಯ ರಬ್ಬರ್ ಪೈಪಿನ ಕ್ಲಿಪ್ಪು ಸಡಿಲವಾಗಿತ್ತು. ಅದನ್ನು ಬಿಗಿದು, ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತತೊಡಗಿದೆ. ಮೊದಲು ಬುಳುಬುಳು ನೊರೆ, ಆಮೇಲೆ ನೊರೆ ನೊರೆಯಾದ ಡೀಸೆಲ್ಲು, ಕೊನೆಗೆ ಗುಳ್ಳೆ ಇಲ್ಲದ ಬರೀ ಡೀಸೆಲ್ಲು. ಸ್ಕ್ರೂ ಬಿಗಿದೆ. ಹೀಟರ್ ಕೊಟ್ಟು ಸ್ಟಾರ್ಟ್ ಹೊಡೆದಾಗ ಮೂರನೆಯ ಸಲಕ್ಕೆ ಹಿಡಿಯಿತು. ಈ ಕೆಲಸ ಎಷ್ಟು ಹೊತ್ತು ತೆಗೆದುಕೊಂಡಿತೋ ಗಡಿಯಾರ ನೋಡಿಲ್ಲ. ಅಷ್ಟು ಹೊತ್ತೂ ನಮ್ಮವರು ಒಂದೇ ಒಂದು ಮಾತು ಆಡಲಿಲ್ಲ. ಎಡಗಾಲಿನ ಮೇಲೆ ನಿಲ್ಲಲಾರದ ಮನುಷ್ಯ ಧರೆಗೆ ಬೆನ್ನು ಕೊಟ್ಟು ನಿಂತು, ಬೆಳಕು ಮಾತ್ರ ನನ್ನ ಕೈಯಿಂದ ಒಂದು ಅಂಗುಲ ಆಚೀಚೆ ಆಗದಂತೆ ಹಿಡಿದಿದ್ದರು.

ಅತ್ತೆಯವರನ್ನು ಹಿಂದಿನ ಸೀಟಿನಲ್ಲಿ ಹಾಸಿಗೆ ಸಮೇತ ಮಲಗಿಸಿ ಹನ್ನೊಂದೂಮುಕ್ಕಾಲಿಗೆ ತೀರ್ಥಹಳ್ಳಿಯ ಆಸ್ಪತ್ರೆ ಮುಟ್ಟಿಸಿದೆವು. ಆಕ್ಸಿಜನ್ ಹಚ್ಚಿದರು. ನಾಲ್ಕನೆಯ ದಿನ ಅವರು, 'ಜೀಪಿಗೆ ಏನಾಗಿತ್ತೇ? ಪಾಪ, ಅದಕ್ಕೂ ನನ್ನ ಹಾಗೇ ಉಬ್ಬಸವೇನೋ' ಎಂದು ವಿಚಾರಿಸಿದರು. ಗಾಳಿ ಸಾಲದ್ದು ಅವರ ರೋಗ, ಗಾಳಿ ಹೆಚ್ಚಾದದ್ದು ಜೀಪಿನ ರೋಗ ಎಂದು ಹೇಳಿದಾಗ ಆಕ್ಸಿಜನ್ ನಳಿಕೆಯ ಸಂದಿನಿಂದಲೇ ನಕ್ಕರು. ಆಮೇಲೂ ನಾಲ್ಕು ವರ್ಷ ತುಳಸಿಗೆ ನೀರು ಹಾಕಿಕೊಂಡಿದ್ದರು.

2022ರ ಜುಲೈಗೆ ಜೀಪಿಗೆ ಇಪ್ಪತ್ತೈದು ತುಂಬಿತು. ಖಾಸಗಿ ಗಾಡಿಗೆ ಮೊದಲ ಹದಿನೈದು ವರ್ಷ ತುಂಬಿದ ಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ಬ್ರೇಕ್ ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸಿ ರಿಜಿಸ್ಟ್ರೇಷನ್ ನವೀಕರಿಸಬೇಕು. ಆ ವರ್ಷದ ಏಪ್ರಿಲ್ 1ರಿಂದಲೇ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಹಳೇ ಗಾಡಿಗಳನ್ನು ಜನ ಕೈಬಿಡಲಿ ಎಂಬುದು ಸರ್ಕಾರದ ಉದ್ದೇಶ. ಅದರಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ಹಳೇ ಡೀಸೆಲ್ ಎಂಜಿನ್ನಿನ ಹೊಗೆ ಒಳ್ಳೆಯದಲ್ಲ, ಅಪಘಾತವಾದರೆ ಕಾಪಾಡುವ ಗಾಳಿಚೀಲ ಮುಂತಾದವೂ ಇದರಲ್ಲಿಲ್ಲ. ಪೇಟೆಯೊಳಗೆ ದಿನನಿತ್ಯದ ಓಡಾಟಕ್ಕೆ ಇಂಥ ಗಾಡಿ ಇಟ್ಟುಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಾನೂ ಶಾಲೆಗೆ ಹೋಗುವುದು ಸ್ಕೂಟರಿನಲ್ಲೇ.

ನವೀಕರಣದ ಅರ್ಜಿ ತುಂಬಲು ಕೂತಾಗ ನಮ್ಮವರು, 'ಹೇಗೂ ಆಫೀಸಿಗೆ ಹೋಗ್ತೀಯ, ಗಾಡೀನ ನಿನ್ನ ಹೆಸರಿಗೆ ಮಾಡಿಸ್ಕೊಂಬಿಡು' ಎಂದರು. ಬೇಡ ಎಂದೆ. 'ಆಯಿಲ್ ಗೇಜು ಎಳೆದು ನೋಡೋರು ಯಾರೋ ಅವರೇ ಓನರ್ರು' ಎಂದರು. ಮಾಲೀಕತ್ವ ಬದಲಾವಣೆಗೆ 29 ಮತ್ತು 30ನೇ ನಮೂನೆಗಳು. ಕೊಡುವವರದು ಒಂದು ಸಹಿ, ಕೊಳ್ಳುವವರದು ಒಂದು ಸಹಿ. ಒಂದೇ ಊಟದ ಮೇಜಿನ ಎರಡು ಪಕ್ಕ ಕೂತು ಸಹಿ ಹಾಕಿದೆವು. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ಗಂಡನಿಂದ ಜೀಪು ಕೊಂಡ ಹೆಂಗಸು ತೀರ್ಥಹಳ್ಳಿಯಲ್ಲಿ ನಾನೊಬ್ಬಳೇ ಇರಬೇಕು ಎಂದು ನಾನು ನಗೆಯಾಡಿದೆ. ಅವರು ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಅದನ್ನು ಜೇಬಿಗೆ ಸಿಕ್ಕಿಸಿಕೊಂಡು, 'ಸರಿಹೋಯ್ತು ಬಿಡು' ಎಂದರು.

2023ರ ಚೈತ್ರದಲ್ಲಿ ಅತ್ತೆಯವರು ತೀರಿಕೊಂಡರು. ಮಾಸಿಕಗಳೆಲ್ಲ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ಇಬ್ಬರು ಹುಡುಗರು ಜೀಪು ಹುಡುಕಿಕೊಂಡು ಬಂದರು. ಈಗ ಹಳೇ ಜೀಪುಗಳಿಗೆ ಪೇಟೆಯಲ್ಲಿ ಎಲ್ಲಿಲ್ಲದ ಬೇಡಿಕೆ. ಕೊಂಡೊಯ್ದು ದೊಡ್ಡ ದೊಡ್ಡ ಟೈರು ಹಾಕಿ, ಹೊಸ ಬಣ್ಣ ಬಳಿದು, ಭಾನುವಾರ ಬೆಟ್ಟ ಹತ್ತಿಸುತ್ತಾರಂತೆ. ಅಡಿಗೆ ಬಗ್ಗಿ ಚಾಸಿ ನೋಡಿ ಅವರ ಕಣ್ಣು ಅರಳಿತು. ಮೂರು ಲಕ್ಷ ಕೊಡುತ್ತೇವೆ, ಮೇಡಂ ಎಂದರು. ಕೊಂಡ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚು! ನನ್ನ ಬಳಿ ಜೀಪಿನ ಖರ್ಚು ಬರೆದಿಡುವ ಒಂದು ನೋಟ್‌ಬುಕ್ಕಿದೆ. ಅದರ ಹಿಂದಿನ ವರ್ಷ ಕ್ಲಚ್ ಪ್ಲೇಟು, ಎರಡು ಟೈರು, ಟಿಂಕರಿಂಗು, ಇನ್ಶೂರೆನ್ಸು ಎಲ್ಲ ಸೇರಿ 41,600 ರೂಪಾಯಿ ಹೋಗಿತ್ತು. ಲೀಟರಿಗೆ ಹನ್ನೊಂದು ಕಿಲೋಮೀಟರು ಓಡುತ್ತದೆ. ಲೆಕ್ಕ ಹೇಳುವುದಾದರೆ ಕೊಟ್ಟುಬಿಡುವುದೇ ಜಾಣತನ. ಯಾರಿಗಾಗಿ ಇಟ್ಟುಕೊಂಡಿದ್ದೆವೋ ಆ ಜೀವವೂ ಹೋಗಿಯಾಗಿತ್ತು. ಮಗ, ಸೊಸೆ ಇಬ್ಬರೂ ಕೊಡಿ ಎಂದರು. ನಮ್ಮವರು, 'ಆರ್‌ಸಿ ಅವಳ ಹೆಸರಲ್ಲಿದೆ, ಅವಳನ್ನೇ ಕೇಳಿ' ಎಂದಷ್ಟೇ ಹೇಳಿ ಒಳಗೆ ಹೋದರು.

ನಾನು ಹುಡುಗರಿಗೆ ಕಾಫಿ ಕೊಟ್ಟು, ಯೋಚಿಸಿ ತಿಳಿಸುತ್ತೇನೆ ಎಂದು ಕಳಿಸಿದೆ. ಯೋಚಿಸುವುದು ಬಹಳವೇನೂ ಇರಲಿಲ್ಲ. ಅತ್ತೆಯವರನ್ನು ಆಸ್ಪತ್ರೆಗೆ ಮುಟ್ಟಿಸುವುದಕ್ಕೆ ಜೀಪು ಬೇಕು ಎಂದು ಅಷ್ಟು ವರ್ಷ ಎಲ್ಲರಿಗೂ ಹೇಳುತ್ತಾ ಬಂದಿದ್ದೆವು. ಅದು ನಿಜವೂ ಹೌದು. ಆದರೆ ಟಾರು ಮುಗಿಯುವ ಕಟ್ಟೆಯಿಂದ ಮೂಲಮನೆಗೆ ಇನ್ನೂ ಮೂರು ಕಿಲೋಮೀಟರು ಇದೆ. ಆ ಮೂರು ಕಿಲೋಮೀಟರನ್ನು ಎಡಗಾಲು ಎಳೆದುಕೊಂಡು ನಡೆಯಲು ನಮ್ಮವರಿಂದ ಆಗದು. ತಾನು ಹುಟ್ಟಿದ ಮನೆ, ತಾನೇ ನೆಟ್ಟ ಅಡಿಕೆ ಮರ, ಅಪ್ಪ ಅಮ್ಮನ ಶ್ರಾದ್ಧ ಮಾಡುವ ಜಗಲಿ, ಇವನ್ನು ಕಾಣಬೇಕೆಂದರೆ ಅವರಿಗೆ ಯಾರಾದರೂ ಮಳೆ ನೋಡಿ, ಬಿಡುವು ನೋಡಿ, ಬಾಡಿಗೆ ಮಾತಾಡಿ ಕರೆದುಕೊಂಡು ಹೋಗಬೇಕು. ಆ ಮನುಷ್ಯ ಇನ್ನೊಬ್ಬರಿಗೆ ಹಾಗೆ ಹೇಳಿಕೊಳ್ಳುವವರಲ್ಲ. ಹೇಳಿಕೊಳ್ಳಲಾರದೆ ಮನೆಯಲ್ಲೇ ಕೂತುಬಿಡುತ್ತಾರೆ. ಮೂರು ಲಕ್ಷಕ್ಕೆ ಜೀಪು ಕೊಟ್ಟರೆ ಅದರ ಜೊತೆಗೆ ಆ ಎಡಗಾಲನ್ನೂ ಮೂಟೆ ಕಟ್ಟಿ ಕಳಿಸಿದ ಹಾಗೆ. ರಾತ್ರಿ ಊಟಕ್ಕೆ ಬಡಿಸುತ್ತಾ, 'ಜೀಪು ಕೊಡೋದಿಲ್ಲ ಅಂತ ಹೇಳಿಬಿಟ್ಟೆ' ಎಂದೆ. ಅವರು ಏಕೆ ಎಂದು ಕೇಳಲಿಲ್ಲ. 'ಹಾಗಾದ್ರೆ ಹಿಂದಿನ ಸ್ಪ್ರಿಂಗಿನ ಮೈನ್ ಪ್ಲೇಟು ಬದಲಾಯಿಸ್ಬೇಕು, ಮಳೆ ಹಿಡಿಯೋದರೊಳಗೆ' ಎಂದರು. ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ಹಳೇ ವಸ್ತುವನ್ನು ಇಟ್ಟುಕೊಳ್ಳುವವರನ್ನು ಜನ ಜಿಪುಣರು ಎನ್ನುತ್ತಾರೆ, ಇಲ್ಲವೇ ಭಾವುಕರು ಎನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಜಿಪುಣರಿಗೆ ಹಳೇ ಜೀಪು ಸಲ್ಲದು, ಅದು ಎಡೆಬಿಡದೆ ಕೈ ಚಾಚುತ್ತಲೇ ಇರುತ್ತದೆ. ಬರೀ ಭಾವುಕರಿಗೂ ಸಲ್ಲದು, ಕಣ್ಣೀರಿನಿಂದ ಕ್ರಾಸಿಗೆ ಗ್ರೀಸು ಹೋಗುವುದಿಲ್ಲ. ಹಳೆಯದು ನಿಲ್ಲುವುದು ದಿನಾ ಬೆಳಿಗ್ಗೆ ಅದರ ಕಡೆ ಬಗ್ಗಿ ನೋಡುವವರಿದ್ದರೆ. ಯಾವ ಸದ್ದು ನಿನ್ನೆ ಇರಲಿಲ್ಲ, ಇವತ್ತು ಇದೆ ಎಂದು ಗುರುತಿಸುವವರಿದ್ದರೆ. ಮನುಷ್ಯರ ವಿಷಯದಲ್ಲೂ ಇದಕ್ಕಿಂತ ಹೆಚ್ಚಿನದನ್ನು ನಾನು ಈ ವಯಸ್ಸಿನ ತನಕ ಕಲಿತಿಲ್ಲ.

ಮುಂದಿನ ನವೀಕರಣ 2027ರ ಜುಲೈಗೆ. ಅಷ್ಟು ಹೊತ್ತಿಗೆ ಜೀಪಿಗೆ ಮೂವತ್ತು, ನನಗೆ ನಿವೃತ್ತಿಗೆ ಒಂದೇ ವರ್ಷ. ನಿಯಮ ಬದಲಾಗಬಹುದು, ಶುಲ್ಕ ಇನ್ನೂ ಏರಬಹುದು. ಇನ್‌ಸ್ಪೆಕ್ಟರು ಈ ಗಾಡಿ ಸಾಕು ಎಂದರೆ ಸಾಕು ಎಂದೇ ಅರ್ಥ, ವಾದ ಮಾಡುವುದಿಲ್ಲ. ಅಲ್ಲಿಯ ತನಕ ಭಾನುವಾರದ ಗ್ರೀಸು ತಪ್ಪುವಂತಿಲ್ಲ. ಈ ಸಲ ಪಕ್ಕದ ಮನೆಯ ಪಿಯುಸಿ ಓದುವ ಹುಡುಗಿ ತಾನೂ ಕಲಿಯುತ್ತೇನೆ ಎಂದು ಬರುತ್ತಿದ್ದಾಳೆ. ಗೇಜು ಕಡ್ಡಿ ಒರೆಸದೆ ನೋಡಿದರೆ ಲೆಕ್ಕ ತಪ್ಪುತ್ತದೆ ಎಂದು ನಮ್ಮವರು ಕುರ್ಚಿಯಲ್ಲಿ ಕೂತು ಅವಳಿಗೆ ಹೇಳಿಕೊಡುತ್ತಿದ್ದಾರೆ. ಅವಳು ಕಡ್ಡಿ ಒರೆಸಲು ನನ್ನ ಒಳ್ಳೆಯ ಅಡುಗೆಮನೆ ಬಟ್ಟೆಯನ್ನೇ ಎತ್ತಿಕೊಂಡು ಹೋಗಿದ್ದಾಳೆ.